ಮೂರನೇ ಬೇರಿಂಗಿನ ತಗಡು

ಮನೆಯಿಂದ,
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ದೊಡ್ಡ ಮಗನೇ,

ಹೇಗಿದ್ದೀಯಪ್ಪ? ಸೊಂಟನೋವು ಇಳಿಯಿತೇ? ಗಾಡಿಯ ಕೆಳಗೆ ಬರೀ ನೆಲದ ಮೇಲೆ ಮಲಗಬೇಡ, ಒಂದು ರಟ್ಟಾದರೂ ಹಾಸಿಕೋ ಅಂತ ನಿನಗೆ ಮೀಸೆ ಮೂಡುವ ಮೊದಲಿನಿಂದ ಬಡಕೊಳ್ಳುತ್ತಿದ್ದೇನೆ. ಈಗ ಅಷ್ಟು ದೊಡ್ಡ ಕಂಪನಿಯ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿದ್ದೀಯ, ಮಲಗುವ ಕೆಲಸ ಬೇರೆಯವರದು ಅಂದುಕೊಂಡಿದ್ದೇನೆ. ಹೊತ್ತು ಹೊತ್ತಿಗೆ ಉಣ್ಣುತ್ತೀಯ ತಾನೆ? ಮೆಸ್ಸಿನ ಊಟಕ್ಕೆ ಹುಳುಕು ಹುಡುಕುತ್ತ ತಟ್ಟೆ ಸರಿಸಿ ಎದ್ದುಬಿಡಬೇಡ, ಅಲ್ಲಿ ನಿನ್ನ ಹಿಂದೆ ತಟ್ಟೆ ಹಿಡಿದು ಓಡಿ ಬರುವುದಕ್ಕೆ ನಾನಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಕಣ್ಣು ಸೂಜಿಯ ತೂತನ್ನು ಹುಡುಕಿ ಹುಡುಕಿ ಸೋಲುತ್ತದೆ. ಕಿವಿ ಮಾತ್ರ ಇನ್ನೂ ಗಟ್ಟಿಯಾಗಿದೆ. ಈ ಸಲ ಅದೂ ಕೆಟ್ಟಿದ್ದರೆ ಚೆನ್ನಾಗಿತ್ತು ಅನಿಸಿದೆ. ಯಾಕೆ ಅಂತ ಮುಂದೆ ಬರೆಯುತ್ತೇನೆ. ತಾಳ್ಮೆಯಿಂದ ಓದು, ಕೊನೆಗೆ ಹಾರಬೇಡ.

ನಿನ್ನ ಕಾಗದ ತಲುಪಿತು. ನಿಮ್ಮಪ್ಪ ಎಂಜಿನ್ನಿನ ಸದ್ದು ಕೇಳುತ್ತಿದ್ದ ಸರಳನ್ನು ಕಳಿಸಿಕೊಡು ಅಂತ ಬರೆದಿದ್ದೀಯ. "ಅಪ್ಪನ ನೆನಪಿಗೆ ಅಂತ ನನ್ನ ಹತ್ತಿರ ಏನೂ ಇಲ್ಲಮ್ಮ" ಎಂಬ ಸಾಲನ್ನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಷೆಡ್ಡು, ಪಾನಾಗಳು, ಚೈನ್ ಬ್ಲಾಕು, ನಿಮ್ಮಪ್ಪ ಕೈಯಾರೆ ಬರೆದು ಬಾಗಿಲಿಗೆ ಹೊಡೆದ ಬೋರ್ಡು, ಇಪ್ಪತ್ತು ಊರಿನಿಂದ ಹುಡುಕಿಕೊಂಡು ಬರುತ್ತಿದ್ದ ಗಿರಾಕಿಗಳು, ಇಷ್ಟನ್ನೂ ನಿನ್ನ ಪಾಲಿಗೆ ತೆಗೆದುಕೊಂಡೆ. ವರ್ಷ ತಿರುಗುವ ಮೊದಲೇ ಟೈರಿನ ಅಂಗಡಿಯವನಿಗೆ ಮಾರಿ ಕೈ ತೊಳೆದುಕೊಂಡೆ. ಅಂಥವನ ಹತ್ತಿರ ಏನೂ ಇಲ್ಲವಂತೆ. ಆ ಬೋರ್ಡು ಈಗ ಟೈರಿನವನ ನಾಯಿಗೆ ಮಳೆ ಬಂದಾಗ ಸೂರು. ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ.

ಸರಳಿನ ಮಾತಿಗೆ ಬರುತ್ತೇನೆ. ಅದು ನಿನ್ನ ಕೈಯಲ್ಲಿ ಇದ್ದಾಗ ಹೇಗಿತ್ತು ಅಂತ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ತುದಿ ಎಂಜಿನ್ನಿಗೆ, ಮರದ ಗುಂಡು ಇರುವ ತುದಿ ಕಿವಿಗೆ, ಕಣ್ಣು ಮುಚ್ಚಿಕೊಂಡು ನಿಂತೆ ಅಂದರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಅಲುಗುತ್ತಿರಲಿಲ್ಲ. ನಿಮ್ಮಪ್ಪ ನಿನಗೆ ಕಿವಿಯಣ್ಣ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಈ ಮನೆಯಲ್ಲಿ ನಿಮ್ಮಪ್ಪನಿಗಿಂತ ಚೆನ್ನಾಗಿ ಸದ್ದು ಗುರುತಿಸುತ್ತಿದ್ದವನು ನೀನೊಬ್ಬನೇ, ಅದನ್ನು ಅವರೇ ಹತ್ತು ಜನರ ಎದುರು ಎದೆಯುಬ್ಬಿಸಿ ಹೇಳುತ್ತಿದ್ದರು. ಆದರೂ ತಮ್ಮ ಪದ್ಧತಿ ಬಿಟ್ಟವರಲ್ಲ. ಯಾವ ಗಾಡಿ ಬಂದರೂ ಒಬ್ಬೊಬ್ಬರೇ ಹೋಗಿ ಸರಳಿಟ್ಟು ಕೇಳಬೇಕು, ಸದ್ದು ಇದೆ ಅನಿಸಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮೇಲೆ ಬಟ್ಟೆ ಮುಚ್ಚಬೇಕು, ಬಾಯಿ ಬಿಡಬಾರದು. ಅವರು ಬಿಳಿ, ನೀನು ಹಳದಿ, ನಾನು ನೀಲಿ. ಬಿಡಿಭಾಗ ತೊಳೆಯುವುದಕ್ಕೆ ಅಂತ ಷೆಡ್ಡಿಗೆ ಬಂದ ನನ್ನ ಕೈಗೂ ಸೀಮೆಸುಣ್ಣ ಕೊಟ್ಟರಲ್ಲ, ಅದಕ್ಕೆ ನಿನ್ನ ಸೋದರತ್ತೆ ಎಷ್ಟು ನಕ್ಕಿದ್ದಳು ಅಂತ ನಿನಗೂ ಗೊತ್ತು. "ಒಬ್ಬ ಹೇಳಿದ್ದು ಇನ್ನೊಬ್ಬನ ಕಿವಿಗೆ ಬಿದ್ರೆ ಮುಗೀತು, ಆಮೇಲೆ ಅವ್ನು ಎಂಜಿನ್ ಕೇಳಲ್ಲ, ಮಾತು ಕೇಳ್ತಾನೆ" ಅನ್ನುತ್ತಿದ್ದರು ನಿಮ್ಮಪ್ಪ. ನಿನ್ನ ತಮ್ಮ ಮಾತ್ರ ಸೀಮೆಸುಣ್ಣ ಹಿಡಿಯಲಿಲ್ಲ. ಅವನಿಗೆ ಗಾಡಿ ಓಡಿಸುವುದು ಬೇಕು, ಬಿಚ್ಚುವುದು ಬೇಡ.

ಅವರ ಇನ್ನೊಂದು ಪದ್ಧತಿಯೂ ನಿನಗೆ ನೆನಪಿರಬೇಕು. ದಾರಿಯಲ್ಲಿ ನಿಂತ ಗಾಡಿಯನ್ನು ಹೇಗೋ ಮನೆ ಸೇರಿಸುವುದಕ್ಕೆ ಮಾಡುವ ತೇಪೆ ಕೆಲಸ. ಬೇರಿಂಗಿನ ಚಿಪ್ಪು ಸವೆದು ಸಡಿಲವಾಗಿ ಬಡಿಯುತ್ತಿದ್ದರೆ, ತೆಳು ತಗಡು ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಎಣ್ಣೆ ಹರಿಯುವುದಕ್ಕೆ ಮೊಳೆಯಲ್ಲಿ ತೂತು ಹೊಡೆದು, ಚಿಪ್ಪಿನ ಹಿಂದೆ ಇಟ್ಟು ಬಿಗಿ ಮಾಡುತ್ತಿದ್ದರು. ಸದ್ದು ಅಡಗುತ್ತಿತ್ತು. ರೋಗ ಹಾಗೇ ಇರುತ್ತಿತ್ತು. ಹಾಗೆ ಮಾಡಿದ ಗಾಡಿಯ ಸ್ಟೀರಿಂಗಿಗೆ ತಪ್ಪದೆ ಒಂದು ಕೆಂಪು ತಂತಿ ಸುತ್ತುತ್ತಿದ್ದರು. ತಂತಿ ಇರುವ ಗಾಡಿಯನ್ನು ಹೊಸ ಬೇರಿಂಗ್ ಹಾಕುವ ತನಕ ಬಾಡಿಗೆಗೆ ಓಡಿಸುವ ಹಾಗಿಲ್ಲ. ಓಡಿಸಿದ ಅಂತ ಗೊತ್ತಾದರೆ ಆ ಮಾಲೀಕ ಎಷ್ಟು ದೊಡ್ಡವನಾದರೂ ನಮ್ಮ ಷೆಡ್ಡಿನ ಬಾಗಿಲು ಅವನಿಗೆ ಮುಚ್ಚಿದ ಹಾಗೆ. ತಂತಿ ಸುತ್ತದೆ ಕಳಿಸಿದ ತೇಪೆ ಕಳ್ಳತನಕ್ಕೆ ಸಮ ಅಂತ ಅವರು ಹೇಳುವಾಗ ಸರಳು ಒರೆಸುತ್ತ ಪಕ್ಕದಲ್ಲಿ ನಿಂತಿದ್ದವನು ನೀನು.

ಈಗ ನಿನ್ನ ತಮ್ಮನ ಪಾಲಿಗೆ ಬಂದ ಪಿಕಪ್ ಗಾಡಿಯ ವಿಷಯ. ಪಾಲಾದ ದಿನ ನೀನು ತಮ್ಮನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ನಾಜಲ್ ಸದ್ದು ಕಣೋ ಅಷ್ಟೇ. ಹಳೇ ಡೀಸೆಲ್ ಗಾಡಿ ಕಟಕಟ ಅನ್ನದೆ ಜೋಗುಳ ಹಾಡತ್ತಾ? ನಿನಗೆ ಅಂತ ನಾನೇ ಕೂತು ಎಲ್ಲ ನೋಡಿದೀನಿ." ನೋಡಿದ್ದೆ, ನಿಜ. ಆ ವಾರ ಷಟರ್ ಅರ್ಧ ಇಳಿಸಿಕೊಂಡು ಒಬ್ಬನೇ ಕೆಲಸ ಮಾಡಿದೆ. ನಾನು ಕಾಫಿ ತಂದರೆ ಲೋಟವನ್ನು ಷಟರಿನ ಕೆಳಗಿನಿಂದಲೇ ಇಸಿದುಕೊಂಡೆ. ಪಿಕಪ್ಪಿನ ಎಂಜಿನ್ನಿನ ತಳದ ಎಣ್ಣೆ ಚೇಂಬರಿನ ನಟ್ಟು ಸಡಿಲವಾಗಿ ದಾರಿಯುದ್ದ ಎಣ್ಣೆ ಚೆಲ್ಲಿ ಖಾಲಿಯಾದದ್ದು, ನೀನು ಅದನ್ನು ಗಮನಿಸದೆ ಎಲ್ಲಿಂದಲೋ ಓಡಿಸಿಕೊಂಡು ಬಂದದ್ದು ನನಗೆ ಆಗಲೇ ಗೊತ್ತಿತ್ತು. ಅಂಗಳದ ಕಲ್ಲಿನ ಮೇಲೆ ಆ ಕಲೆ ಈಗಲೂ ಇದೆ. ತಮ್ಮನಿಗೆ ಕೊಡುವ ಗಾಡಿ, ಮುತುವರ್ಜಿಯಿಂದ ರಿಪೇರಿ ಮಾಡುತ್ತಿದ್ದಾನೆ ಅಂತ ನಾನು ಹಿಗ್ಗಿದೆ. ಊರು ಬಿಟ್ಟು ಹೋಗುವಾಗ ಅವನಿಗೆ ಎರಡು ಡಬ್ಬಿ ಎಣ್ಣೆ ಬೇರೆ ಕೊಟ್ಟೆ, ಬೇರೆ ಯಾವುದನ್ನೂ ಹಾಕಬೇಡ, ಈ ಎಂಜಿನ್ನಿಗೆ ಇದೇ ಒಗ್ಗುವುದು ಅಂದೆ. ಅದನ್ನು ಅವನು ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಯ ಪಕ್ಕ ಇಟ್ಟುಕೊಂಡ. ಬಂದವರಿಗೆಲ್ಲ ತೋರಿಸಿ, "ನೋಡಿ, ನಮ್ಮಣ್ಣ ಎಷ್ಟು ಯೋಚ್ನೆ ಮಾಡ್ತಾನೆ" ಅನ್ನುತ್ತಿದ್ದ. ಸೊಸೆಗೆ ಸೀರೆಗೆಲ್ಲ ಎಣ್ಣೆ ವಾಸನೆ ಅಂತ ಸಿಟ್ಟು. ನಮಗೆಲ್ಲ ಅದು ನಗುವ ವಿಷಯ.

ನಿನ್ನ ಎಣ್ಣೆ ಮುಗಿಯಿತು. ಹೊಸ ವರ್ಷದ ಹೊತ್ತಿಗೆ ಅವನು ಅಂಗಡಿಯ ಎಣ್ಣೆ ತುಂಬಿಸಿದ. ಅಷ್ಟೇ, ಬಡಿತ ಶುರುವಾಯಿತು. ಮೊದಲು ತಗಡಿನ ಡಬ್ಬಿಯಲ್ಲಿ ಗೋಲಿ ಆಡಿದ ಹಾಗೆ, ಆಮೇಲೆ ಒಳಗೆ ಯಾರೋ ಸಣ್ಣ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ. ನಾನು ಅಡುಗೆಮನೆಯಲ್ಲಿ ನಿಂತೇ ಕೇಳಿದೆ. ಬೆಳಿಗ್ಗೆ ತಣ್ಣಗಿದ್ದಾಗ ಅಷ್ಟಾಗಿ ಇಲ್ಲ, ನೀರಿನ ಕ್ಯಾನ್‌ಗಳನ್ನೆಲ್ಲ ಮನೆಮನೆಗೆ ಇಳಿಸಿ ಎಂಜಿನ್ ಕಾದು ಬಂದಾಗ ಜೋರು. ಎಕ್ಸಲರೇಟರ್ ತುಳಿದಾಗ ಅಲ್ಲ, ಕಾಲು ತೆಗೆದಾಗ ಕೇಳಿಸುತ್ತದೆ. ಡೀಸೆಲ್ ಚಿಮ್ಮಿಸುವ ನಾಜಲ್ಲಿನ ಸದ್ದು ಹೀಗಿರುವುದಿಲ್ಲ, ತಣ್ಣಗಿದ್ದಾಗ ಕಿರುಚಿ ಕಾದ ಮೇಲೆ ತಾನೇ ಸುಮ್ಮನಾಗುತ್ತದೆ, ಇದು ಕೆಳಗಿನ ಸದ್ದು ಕಣಪ್ಪ, ಗಾಡಿ ನಿಲ್ಲಿಸು ಅಂದೆ. ಅವನು ನಕ್ಕ. "ಅಮ್ಮಾ, ಅಣ್ಣ ನೋಡಿದಾನೆ. ಅಣ್ಣನ ಕಿವಿ ಮುಂದೆ ನಿನ್ನ ಕಿವಿನಾ?" ಅಂದ. ನನಗೂ ಒಂದು ಕ್ಷಣ ಹೌದಲ್ಲ ಅನಿಸಿತು. ಕಿವಿಯಣ್ಣ ಹೇಳಿದ ಮೇಲೆ ನಾನು ಯಾವ ಲೆಕ್ಕ.

ಅವನ ಸಮಾಧಾನಕ್ಕೆ ಪಂಪ್ ಮೇಸ್ತ್ರಿಯನ್ನು ಕರೆಸಿದೆವು. ಡೀಸೆಲ್ ಪಂಪು, ನಾಜಲ್ಲು ಬಿಟ್ಟು ಬೇರೆ ಯಾವುದನ್ನೂ ಮುಟ್ಟದ ಆ ನಿಮ್ಮಪ್ಪನ ಗೆಳೆಯ ಇನ್ನೂ ಹಾಗೇ ಇದ್ದಾನೆ, ಮಾತಿಗೆ ಮೊದಲು ಕೆಮ್ಮು, ಕೆಮ್ಮಿಗೆ ಮೊದಲು ಬೀಡಿ. ನಾಜಲ್ ಬಿಚ್ಚಿ ಒತ್ತಿ ನೋಡಿದ, ನಾಲ್ಕರಲ್ಲೂ ಮಂಜಿನ ಹಾಗೆ ಹನಿ ಸಿಡಿಯಿತು, ಒಂದರಲ್ಲೂ ತೊಟ್ಟಿಕ್ಕಲಿಲ್ಲ. ಆದರೂ ಇರಲಿ ಅಂತ ಸದ್ದು ಬರುತ್ತಿದ್ದ ಮೂರನೆಯ ಸಿಲಿಂಡರಿನ ನಾಜಲ್ಲನ್ನು ಒಂದನೆಯದರ ಜಾಗಕ್ಕೆ ಬದಲಿಸಿ ಹಾಕಿದ. ಸದ್ದು ನಾಜಲ್ಲಿನದಾಗಿದ್ದರೆ ನಾಜಲ್ಲಿನ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಮೂರನೆಯ ಮನೆಯಲ್ಲೇ ಕೂತು ಕುಟ್ಟುತ್ತಿತ್ತು. "ಇದು ನನ್ನ ಕೆಲಸ ಅಲ್ಲಮ್ಮ" ಅಂತ ಮೇಸ್ತ್ರಿ ಕೈ ಒರೆಸಿಕೊಂಡ. ನಿನ್ನ ತಮ್ಮ ಮಾರನೆಯ ಬೆಳಿಗ್ಗೆ ಕ್ಯಾನ್ ಹೇರಿಕೊಂಡು ಹೊರಟೇಬಿಟ್ಟ. ಬೇರೆ ನಾಜಲ್ ಕೊಂಡು ಹಾಕಿದರೆ ಸರಿಹೋಗುತ್ತೆ ಅಂತ ಅವನ ಹಟ.

ಆಮೇಲೆ ಆದದ್ದನ್ನು ಕೇಳು. ಆ ದಿನ ಸೊಸೆಗೆ ಪೇಟೆಯಲ್ಲಿ ಕೆಲಸವಿತ್ತು, ಮಗಳು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನೀರಿನ ಟ್ಯಾಂಕಿನಿಂದ ಮಾರುಕಟ್ಟೆಗೆ ಇಳಿಯುವ ರಸ್ತೆ ಹೇಗಿದೆ ಅಂತ ನಿನಗೆ ಹೇಳಬೇಕಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು, ಬಡಿತ ಒಂದೇ ಸಮ ಏರಿತು, ಎಂಜಿನ್ ಉಸಿರು ಕಟ್ಟಿದ ಹಾಗೆ ಹಿಡಿದು ನಿಂತುಹೋಯಿತು. ಎಂಜಿನ್ ನಿಂತರೆ ಬ್ರೇಕು ಕಲ್ಲಿನಂತಾಗುತ್ತದೆ, ಸ್ಟೀರಿಂಗು ತಿರುಗುವುದಿಲ್ಲ, ನಿನಗೆ ಗೊತ್ತು. ಹಿಂದೆ ತುಂಬಿದ ಕ್ಯಾನುಗಳ ಭಾರ. ಇವನು ಕ್ಲಚ್ಚು ತುಳಿಯದೆ, ಮೈಯೆಲ್ಲ ಹಾಕಿ ಸ್ಟೀರಿಂಗ್ ಎಳೆದು, ಗಾಡಿಯ ಪಕ್ಕವನ್ನು ತಡೆಗೋಡೆಗೆ ಉಜ್ಜಿಸಿಕೊಂಡು ನಿಲ್ಲಿಸಿದ. ಗಾಡಿ ಓಡಿಸುವುದರಲ್ಲಿ ಅವನಿಗೆ ಅವನೇ ಸಾಟಿ, ಅದೊಂದು ಇಲ್ಲದಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು. ಸೊಸೆಯ ಮೊಣಕೈ ಒಡೆಯಿತು. ಪುಟ್ಟಿಗೆ ಏನೂ ಆಗಲಿಲ್ಲ, ಆದರೆ ಒಂದು ವಾರ ಗಾಡಿಯ ಬಾಗಿಲ ಸದ್ದು ಕೇಳಿದರೆ ನನ್ನ ಸೆರಗಿನೊಳಗೆ ನುಗ್ಗುತ್ತಿದ್ದಳು.

ಗಾಡಿಯನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದರು. ತಣ್ಣಗಾದ ಮೇಲೆ ಎಂಜಿನ್ ಮತ್ತೆ ತಿರುಗಿತು. ಇನ್ನು ಯಾರ ಮಾತೂ ಬೇಡ, ನಿಮ್ಮಪ್ಪನ ಪದ್ಧತಿಯಲ್ಲೇ ನೋಡೋಣ ಅಂತ ನಾನು ಸೀಮೆಸುಣ್ಣ ತಂದೆ. ಸ್ವಲ್ಪ ಹೊತ್ತು ಮಾತ್ರ ಓಡಿಸಿ ಕೇಳುವುದು ಅಂತ ಕರಾರು. ಮೇಸ್ತ್ರಿಗೆ ಬಿಳಿ, ನನಗೆ ನೀಲಿ, ನಿನ್ನ ಹಳದಿಯನ್ನು ತಮ್ಮನ ಕೈಗೆ ಕೊಟ್ಟೆ. ನಾನು ನಾಜಲ್ಲಿನ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಆ ಮನೆಗೆ ಡೀಸೆಲ್ ಹೋಗದ ಹಾಗೆ ಮಾಡಿ ಕೇಳಿದೆ. ಒಂದು, ಎರಡು, ನಾಲ್ಕು, ಸದ್ದು ಕದಲಲಿಲ್ಲ. ಮೂರನೆಯದನ್ನು ಸಡಿಲಿಸಿದೆ, ಕುಟ್ಟುವವನ ಸುತ್ತಿಗೆಗೆ ಯಾರೋ ಬಟ್ಟೆ ಸುತ್ತಿದ ಹಾಗೆ ಮೆತ್ತಗಾಯಿತು, ನಿಲ್ಲಲಿಲ್ಲ. ಸರಳನ್ನು ಎಂಜಿನ್ನಿನ ತಲೆಯ ಮೇಲಿಟ್ಟರೆ ದೂರದ ಸದ್ದು, ಪಕ್ಕಕ್ಕೆ ಇಳಿಸಿದರೆ ಹತ್ತಿರ, ಚೇಂಬರಿನ ಅಂಚಿಗೆ ಇಟ್ಟಾಗ ಮರದ ಗುಂಡು ನನ್ನ ಕಿವಿಯನ್ನೇ ಗುದ್ದಿತು. ಬಟ್ಟೆ ತೆಗೆದಾಗ ನನ್ನ ನೀಲಿ, ಮೇಸ್ತ್ರಿಯ ಬಿಳಿ ಎರಡೂ ಕೆಳಗೆ, ಮೂರನೆಯ ಮನೆಯ ಬುಡದಲ್ಲಿ ಒಂದರ ಪಕ್ಕ ಒಂದು. ನಿನ್ನ ತಮ್ಮನ ಹಳದಿ ಮಾತ್ರ ಮೇಲೆ, ನಾಜಲ್ಲಿನ ಮೇಲೆ. ಹೆಂಡತಿ ಮಗು ಸಾವಿನ ಬಾಯಿಗೆ ಹೋಗಿ ಬಂದ ಮೇಲೂ ಅವನ ಕಿವಿ ಎಂಜಿನ್ ಕೇಳಲಿಲ್ಲ, ನಿನ್ನ ಮಾತು ಕೇಳಿತು. ಅದನ್ನು ನೋಡಿ ನನಗೆ ಅಳು ಬಂತು.

ಚೇಂಬರ್ ಬಿಚ್ಚಿದೆವು. ತಳದ ಎಣ್ಣೆಯಲ್ಲಿ ಬೆರಳಿಟ್ಟರೆ ಮಿರಮಿರ ಪುಡಿ ಅಂಟಿತು. ಮೂಲೆಯಲ್ಲಿ ಹಳೆಯ ಎಣ್ಣೆ ಜೇನಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಮೇಸ್ತ್ರಿ ಮೂಸಿ ನೋಡಿ, ಇದು ಗೇರ್ ಪೆಟ್ಟಿಗೆಗೆ ಹಾಕುವ ಎಣ್ಣೆ ಬೆರೆಸಿದ್ದು, ಬಡಿತ ಮುಚ್ಚಿಡೋದಕ್ಕೆ ಗಾಡಿ ಮಾರೋರು ಮಾಡೋ ಕೆಲಸ ಅಂದ. ನಿನ್ನ ತಮ್ಮನಿಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳುವುದಕ್ಕೆ ಮನಸ್ಸಾಗಲಿಲ್ಲ. ಮೂರನೆಯ ಬೇರಿಂಗಿನ ಕ್ಯಾಪ್ ಕಳಚಿದ ಕೂಡಲೇ ಸವೆದ ಚಿಪ್ಪು ಕೈಗೆ ಬಂತು, ಅದರ ಹಿಂದಿನಿಂದ ಕಪ್ಪಾದ ತಗಡಿನ ಚೂರು ಜಾರಿ ತಟ್ಟೆಗೆ ಬಿತ್ತು. ದುಂಡಗೆ ಮಾಡಿದ ಮೂಲೆ. ಮೊಳೆಯಲ್ಲಿ ಹೊಡೆದ ತೂತು. ನಿನ್ನ ತಮ್ಮ ಅದನ್ನು ಬೆಳಕಿಗೆ ಹಿಡಿದು, "ಇದು ಅಪ್ಪನ ಕೈ" ಅಂದ.

ನನಗೂ ಮೊದಲು ಹಾಗೇ ಕಂಡಿತು, ಸುಳ್ಳು ಹೇಳುವುದಿಲ್ಲ. ಅಷ್ಟು ಅಚ್ಚುಕಟ್ಟಾಗಿ ಅವರ ಹಾಗೇ ಕತ್ತರಿಸಿದ್ದೀಯ. ಅವರೆಲ್ಲಿ ಮಾಡುತ್ತಾರೋ, ಮಾಡಿದ್ದರೆ ಸ್ಟೀರಿಂಗಿಗೆ ಕೆಂಪು ತಂತಿ ಇರುತ್ತಿತ್ತಲ್ಲ ಅಂದೆ. ಅದಕ್ಕೆ ಅವನು, "ಅದೇಮ್ಮಾ ಹೊಟ್ಟೆ ಉರಿಯೋದು. ಊರ ಗಾಡಿಗೆಲ್ಲ ತಂತಿ ಕಟ್ದೋನು ಮನೆ ಗಾಡಿಗೆ ಕಟ್ಲಿಲ್ಲ. ಹೋಗೋ ಮುಂಚೆ ಎಲ್ಲೋ ಒಳ್ಳೆ ಬೆಲೆಗೆ ಮಾರೋಣ ಅಂತ ಇಟ್ಟಿದ್ದ ಕಾಣತ್ತೆ. ಪಾಪ, ಅಣ್ಣಂಗೂ ಗೊತ್ತಾಗ್ಲಿಲ್ಲ" ಅಂದ. ಕೇಳಿಸಿಕೊಂಡೆಯಾ? ಪಾಪ, ಅಣ್ಣಂಗೂ ಗೊತ್ತಾಗ್ಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಕಾಯಿಸಿದ ಕಾಫಿಯನ್ನೂ ಕುಡಿಯದೆ ಮೇಸ್ತ್ರಿ ಎದ್ದುಹೋದ.

ನಿನ್ನ ತಮ್ಮ ಕೈ ತೊಳೆಯುವುದಕ್ಕೆ ಹೋದಾಗ ನಾನು ಆ ತಗಡನ್ನು ಡೀಸೆಲ್ಲಿನಲ್ಲಿ ಅದ್ದಿ ಉಜ್ಜಿದೆ. ಜೀವಮಾನವೆಲ್ಲ ನಿಮ್ಮ ಬಿಡಿಭಾಗ ತೊಳೆದ ಕೈ, ಸುಮ್ಮನೆ ಇರುವುದಿಲ್ಲ. ಕಪ್ಪು ಬಿಟ್ಟಿತು. ಅಂಚಿನಲ್ಲಿ ನೀಲಿ ಬಣ್ಣ ಕಂಡಿತು, ನೀಲಿಯ ಮೇಲೆ ಅರ್ಧ ಬಿಳಿ ಹೂವು. ನನ್ನ ಗುಂಡಿಯ ಡಬ್ಬಿಯ ಮುಚ್ಚಳ ಕಣೋ ಅದು. ಎಲ್ಲಿ ಹೋಯಿತು ಅಂತ ಆಗ ಮನೆಯೆಲ್ಲ ಹುಡುಕಿದ್ದೆ, ನೀನೂ ಮಂಚದ ಕೆಳಗೆ ಬಗ್ಗಿ ಹುಡುಕಿಕೊಟ್ಟೆ. ಆಮೇಲೆ ಬಾಯಿಗೆ ಬಟ್ಟೆ ಕಟ್ಟಿ ಇಟ್ಟುಕೊಂಡೆ. ಆ ಡಬ್ಬಿ ಈ ಮನೆಗೆ ಬಂದದ್ದು ಯಾವಾಗ ನೆನಪಿದೆಯಾ? ನಿಮ್ಮಪ್ಪ ಹೋದ ಮೇಲೆ. ನಮ್ಮನ್ನು ಮಾತಾಡಿಸುವುದಕ್ಕೆ ಬಂದ ಮೇಸ್ತ್ರಿಯ ಹೆಂಡತಿ ಪುಟ್ಟಿಗೆ ಅಂತ ಬಿಸ್ಕತ್ತು ತಂದ ಡಬ್ಬಿ ಅದು. ಸತ್ತವರು ಎದ್ದು ಬಂದು ನನ್ನ ಡಬ್ಬಿಯ ಮುಚ್ಚಳ ಕತ್ತರಿಸಿದರು ಅಂತ ನೀನು ಹೇಳಬಹುದು, ಆದರೆ ನಾನು ನಂಬುವುದಿಲ್ಲ. ಕೈಚಳಕವೆಲ್ಲ ಅವರದು, ಅದನ್ನು ಚೆನ್ನಾಗಿ ಕಲಿತೆ. ತಂತಿ ಸುತ್ತುವುದೊಂದನ್ನು ಮಾತ್ರ ಕಲಿಯಲಿಲ್ಲ.

ಗಾಡಿಯ ಕಥೆ ಮುಗಿಸಿಬಿಡುತ್ತೇನೆ, ನಿನಗೆ ಕುತೂಹಲ ಇರಬಹುದು. ಆ ಬೇರಿಂಗು ಕೂರುವ ಕ್ರ್ಯಾಂಕಿನ ಮೂರನೆಯ ಕತ್ತಿಗೆ ಗೀರು ಬಿದ್ದಿತ್ತು, ಇಳಿಸಿ ಲೇತಿಗೆ ಹಾಕಿಸಿ ಸವರಿಸಬೇಕಾಯಿತು. ಅದಕ್ಕೆ ತಕ್ಕ ದಪ್ಪನೆಯ ಚಿಪ್ಪು ಹುಡುಕಿ ತರಿಸಿದೆವು. ಅಷ್ಟು ದಿನ ನಿನ್ನ ತಮ್ಮ ಕೈಗಾಡಿಯಲ್ಲಿ ಕ್ಯಾನ್ ತಳ್ಳಿದ. ಆ ಏರು ರಸ್ತೆಯಲ್ಲಿ, ಎಲ್ಲರೂ ನೋಡುವ ಹಾಗೆ. ಒಂದು ದಿನವೂ ನಿನ್ನ ಬಗ್ಗೆ ಒಂದು ಮಾತು ಆಡಲಿಲ್ಲ. ಬೈಗುಳವೆಲ್ಲ ನಿಮ್ಮಪ್ಪನಿಗೆ. ಗೋಡೆಯ ಮೊಳೆಯಿಂದ ಸರಳು ತೆಗೆದು ಗುಜರಿಯ ಚೀಲಕ್ಕೆ ಹಾಕಿದ್ದ, ನಾನು ಎತ್ತಿಟ್ಟುಕೊಂಡೆ. ಪುಟ್ಟಿ ಮಲಗುವಾಗ ತಾತ ಲಾರಿಯ ಹೊಟ್ಟೆನೋವು ಕಂಡುಹಿಡಿದ ಕಥೆ ಹೇಳು ಅಂದರೆ, "ಅವೆಲ್ಲ ಸುಳ್ಳು ಮಲ್ಕೋ" ಅನ್ನುತ್ತಾನೆ. ಊಟಕ್ಕೆ ಕೂತಾಗ ಒಮ್ಮೆ, ನನ್ನ ಹೆಂಡ್ತಿ ಮಗೂನ ಕೊಲ್ತಿದ್ದ ಮುದುಕ ಅಂದುಬಿಟ್ಟ. ನಾನು ತಟ್ಟೆ ಸರಿಸಿ ಎದ್ದೆ. ಜೀವನವಿಡೀ ಒಂದು ಸುಳ್ಳು ನಟ್ಟು ಹಾಕದ ಮನುಷ್ಯನಿಗೆ ಅವರು ಎತ್ತಿ ಆಡಿಸಿದ ಮಗನ ಬಾಯಲ್ಲಿ ಈ ಮಾತು.

ನೀನೇ ಹೇಳಿಬಿಡಬಹುದಲ್ಲ ಅಂತ ಕೇಳುತ್ತೀಯ. ಹೇಳುವುದಕ್ಕೆ ದಿನಾ ಬಾಯಿ ತೆರೆಯುತ್ತೇನೆ. ಹೇಳಿದರೆ ಅಪ್ಪ ಅವನಿಗೆ ವಾಪಸ್ ಸಿಗುತ್ತಾರೆ, ಅಣ್ಣ ಹೋಗುತ್ತಾನೆ. ಹೇಳದಿದ್ದರೆ ಅಣ್ಣ ಉಳಿಯುತ್ತಾನೆ, ಅಪ್ಪ ಹೋಗುತ್ತಾರೆ. ನನಗೆ ಇಬ್ಬರೂ ಬೇಕು ಅಂತ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಅದೂ ಅಲ್ಲದೆ ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ಅಮ್ಮನೇ ಅಣ್ಣತಮ್ಮಂದಿರ ನಡುವೆ ಬೆಂಕಿ ಹಚ್ಚಿದಳು ಅಂತ ನಾಳೆ ನೀನೇ ಅನ್ನುತ್ತೀಯ. ನಿನ್ನ ಬಾಯಿ ನನಗೆ ಗೊತ್ತಿಲ್ಲವೇ, ಹೆತ್ತವಳು. ಷೆಡ್ಡು ಬೇಕು ಅಂತ ನೇರವಾಗಿ ಕೇಳಿದ್ದರೆ ಅವನು ಒಂದು ಮಾತಾಡದೆ ಕೊಡುತ್ತಿದ್ದ. ಎಂಜಿನ್ ಕೆಟ್ಟಿದೆ ಕಣೋ, ನನ್ನಿಂದಲೇ ಕೆಟ್ಟಿತು ಅಂದಿದ್ದರೂ ಅದೇ ಗಾಡಿಯನ್ನು ಹೂವಿನ ಹಾಗೆ ತೆಗೆದುಕೊಳ್ಳುತ್ತಿದ್ದ. ಅಷ್ಟು ಸುಲಭಕ್ಕೆ ಸಿಗುವುದನ್ನು ಕದ್ದು ತೆಗೆದುಕೊಂಡೆಯಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಿನ್ನನ್ನು ದ್ವೇಷಿಸೋಣ ಅಂತ ನೋಡಿದೆ. ಆಗಲಿಲ್ಲ. ಆದರೆ ನೀನು ಸೊಂಟ ಹಿಡಿದುಕೊಂಡು ಕೂತಿರಬಹುದು ಅಂತ ಮೊದಲಿನ ಹಾಗೆ ಕರುಳು ಚುರ್ ಅನ್ನುವುದೂ ನಿಂತುಹೋಗಿದೆ. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ.

ಇಷ್ಟೇ ಸುದ್ದಿ. ಸೊಸೆಯ ಮೊಣಕೈ ವಾಸಿಯಾಗಿದೆ, ನಿನಗೆ ನಮಸ್ಕಾರ ತಿಳಿಸು ಅಂದಿದ್ದಾಳೆ. ಪುಟ್ಟಿ ದೊಡ್ಡಪ್ಪ ಯಾವಾಗ ಬರ್ತಾರೆ ಅಂತ ಕೇಳುತ್ತಾಳೆ, ನಿನಗೆ ಅಂತ ಒಂದು ಲಾರಿಯ ಚಿತ್ರ ಬರೆದಿದ್ದಾಳೆ, ಚಕ್ರಗಳು ಜಾಸ್ತಿಯಾಗಿವೆ. ತಂಡಿ ಗಾಳಿಗೆ ತಲೆ ಕೊಡಬೇಡ, ಔಷಧಿ ತಪ್ಪಿಸಬೇಡ. ಎಲ್ಲಿದ್ದರೂ ನಿನ್ನ ಕೈಕಾಲು ಗಟ್ಟಿಯಾಗಿರಲಿ, ಹೊತ್ತಿನ ಊಟಕ್ಕೆ ಕೊರತೆ ಬಾರದಿರಲಿ ಅಂತ ದಿನಾ ಬೇಡಿಕೊಳ್ಳುವುದನ್ನು ನಿಲ್ಲಿಸಿಲ್ಲ. ನಿದ್ದೆ ಚೆನ್ನಾಗಿ ಬರಲಿ ಅಂತ ಮಾತ್ರ ಬೇಡಿಕೊಳ್ಳುತ್ತಿಲ್ಲ.

ನಿನ್ನ
ಅಮ್ಮ

ಮರೆತಿದ್ದೆ: ಸರಳು ಕಳಿಸುತ್ತಿಲ್ಲ. ಅದರ ಬದಲು ತಗಡನ್ನು ಕಾಗದದಲ್ಲಿ ಸುತ್ತಿ ಲಕೋಟೆಯೊಳಗೆ ಇಟ್ಟಿದ್ದೇನೆ, ಅಪ್ಪನ ನೆನಪಿಗೆ ಏನೂ ಇಲ್ಲ ಅಂದೆಯಲ್ಲ, ಅದನ್ನು ಇಟ್ಟುಕೋ. ಬೇಗ ಬೇಗ ಬರೆಯುತ್ತಿದ್ದೇನೆ, ನಿನ್ನ ತಮ್ಮ ಹೊರಗೆ ಗಾಡಿ ಚಾಲೂ ಮಾಡಿಕೊಂಡು ಕಾಯುತ್ತಿದ್ದಾನೆ, ಪೇಟೆಗೆ ಹೋಗುವಾಗ ಪೋಸ್ಟ್ ಡಬ್ಬಿಗೆ ಹಾಕುವವನು ಅವನೇ. ಎಂಜಿನ್ ಈಗ ಬಡಿಯುತ್ತಿಲ್ಲ. ಈಗ ತಾನೇ ಒಳಗೆ ಬಂದು ಲಕೋಟೆ ಕೈಯಲ್ಲಿ ಹಿಡಿದು, "ಇದೇನಮ್ಮಾ ಗಟ್ಟಿ?" ಅಂದ. ಅಣ್ಣ ಇಲ್ಲೇ ಬಿಟ್ಟು ಹೋದದ್ದು ಅಂದೆ. ಬಾಗಿಲ ತನಕ ಹೋಗಿ ತಿರುಗಿ ನಿಂತು ಹೇಳಿದ: "ಅಣ್ಣಂಗೆ ಅಪ್ಪ ಮಾಡಿದ್ದು ಬರೀಬೇಡ ಕಣಮ್ಮ. ಅವ್ನಿಗೆ ಅಪ್ಪ ಅಂದ್ರೆ ಪ್ರಾಣ. ದೂರದಲ್ಲಿ ಒಬ್ನೇ ಇದಾನೆ, ಕೊರಗ್ತಾನೆ." ಆಗಲಿ ಅಂದೆ. ನೀನು ಬಂದು ನಿನ್ನ ಬಾಯಿಂದಲೇ ಹೇಳುವ ತನಕ ಈ ಮನೆಯಲ್ಲಿ ಕಳ್ಳ ನಿಮ್ಮಪ್ಪನೇ.